ಮಕ್ಕಳ ರಕ್ತನಾಳದ ‘ಬ್ಲಾಕ್’ ಶುಂಠಿ-ಬೆಳ್ಳುಳ್ಳಿ ರಸಕ್ಕೆ ಕರಗುತ್ತದೆಯೇ?

“ಹಾರ್ಟ್ ಬ್ಲಾಕ್‌ಗೆ ಆಪರೇಷನ್ ಬೇಕಿಲ್ಲ. ಶುಂಠಿ, ಬೆಳ್ಳುಳ್ಳಿ, ನಿಂಬೆರಸ, ಆಪಲ್ ಸೈಡರ್ ವಿನೆಗರ್ ಕುದಿಸಿ ಜೇನುತುಪ್ಪ ಬೆರೆಸಿ ಕುಡಿದರೆ ಸಾಕು, ಎಲ್ಲ ಬ್ಲಾಕ್ ಮಾಯ!” ಈ ಸಂದೇಶ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರುತ್ತದೆ. ವರ್ಷಗಳಿಂದ ಹಲವು ಭಾಷೆಗಳಲ್ಲಿ ಸುತ್ತುತ್ತಿರುವ ಫಾರ್ವರ್ಡ್ ಇದು. ದೊಡ್ಡವರ ವಿಷಯದಲ್ಲೇ ಇದು ಸುಳ್ಳು. ಆದರೆ ಎಳೆ ಮಗುವಿನ ತಂದೆ-ತಾಯಿಯ ಕೈಗೆ ಸಿಕ್ಕಾಗ ಇದರಿಂದ ಆಗಬಹುದಾದ ಹಾನಿ ಇನ್ನೂ ದೊಡ್ಡದು.

“ಮಗುವಿನ ರಕ್ತನಾಳ ಒಂದು ಕಡೆ ಕಿರಿದಾಗಿದೆ” ಎಂದು ಡಾಕ್ಟರು ಹೇಳಿದ್ದು ಮನೆಗೆ ಬರುವಷ್ಟರಲ್ಲಿ “ಹಾರ್ಟ್‌ನಲ್ಲಿ ಬ್ಲಾಕ್ ಇದೆಯಂತೆ” ಎಂದಾಗಿರುತ್ತದೆ. ಆಮೇಲೆ ನೆಂಟರಿಷ್ಟರ ಸಲಹೆಗಳು ಶುರು. ಇಷ್ಟು ಸಣ್ಣ ಮಗುವಿಗೆ ಆಪರೇಷನ್ನಾ? ಒಂದು ತಿಂಗಳು ಈ ರಸ ಕುಡಿಸಿ ನೋಡೋಣ, ಆಮೇಲೆ ಯೋಚಿಸೋಣ. ಕೆಲವು ಶಿಶುಗಳಿಗೆ ಆ ಒಂದು ತಿಂಗಳು ಕಾಯುವಷ್ಟು ಸಮಯ ಇರುವುದಿಲ್ಲ. (ಅಂದಹಾಗೆ, ಒಂದು ವರ್ಷ ತುಂಬದ ಮಕ್ಕಳಿಗೆ ಜೇನುತುಪ್ಪ ಕೊಡಲೇಬಾರದು. ಅದರಿಂದ ಬೊಟುಲಿಸಮ್ ಎಂಬ ಅಪರೂಪದ, ಆದರೆ ಗಂಭೀರವಾದ ಕಾಯಿಲೆ ಬರಬಹುದು.)

ಹಾಗಾದರೆ ಮಕ್ಕಳ ರಕ್ತನಾಳ ಕಿರಿದಾಗುವುದು ಏಕೆ? ಎದೆ ಕೊಯ್ಯದೆ ಅದನ್ನು ಅಗಲ ಮಾಡುವುದು ಹೇಗೆ? ನೋಡೋಣ.

ಕಟ್ಟಿಕೊಂಡಿರುವುದು ಬೇರೆ, ಕಿರಿದಾಗಿರುವುದು ಬೇರೆ

ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಗೀಸರ್ ಪೈಪಿನೊಳಗೆ ಬಿಳಿ ಪದರ ಕಟ್ಟಿಕೊಂಡು ನೀರು ಸಣ್ಣಗೆ ಬರತೊಡಗುತ್ತದೆ. ಅದಕ್ಕೆ ವಿನೆಗರ್ ಹಾಕಿದರೆ ಕರಗುತ್ತದೆ, ನಿಜ. ಫಾರ್ವರ್ಡ್ ನಂಬುವಂತೆ ಕಾಣುವುದು ಈ ಚಿತ್ರ ನಮ್ಮ ತಲೆಯಲ್ಲಿ ಇರುವುದರಿಂದಲೇ. ಆದರೆ ದೊಡ್ಡವರ ಹೃದಯದ ಬ್ಲಾಕ್ ಕೂಡ ಹಾಗಿಲ್ಲ. ಅಲ್ಲಿ ಕೊಬ್ಬು ಪೈಪಿನ ಒಳಮೈಗೆ ಮೆತ್ತಿಕೊಂಡಿರುವುದಿಲ್ಲ, ರಕ್ತನಾಳದ ಗೋಡೆಯೊಳಗೇ ಸೇರಿಕೊಂಡಿರುತ್ತದೆ. ಕುಡಿದ ವಿನೆಗರ್ ರಕ್ತಕ್ಕೆ ವಿನೆಗರ್ ಆಗಿಯೇ ಹೋಗಿ ತಲುಪುವುದೂ ಇಲ್ಲ. ರಕ್ತದ ಪಿಎಚ್ ಅನ್ನು ದೇಹ 7.35ರಿಂದ 7.45ರ ಒಳಗೆ ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಹುಳಿ ಮಾಡಿ ಏನನ್ನಾದರೂ ಕರಗಿಸುವ ಮಾತೇ ಇಲ್ಲ.

ಮಕ್ಕಳಲ್ಲಂತೂ ಕರಗಿಸಲು ಏನೂ ಇರುವುದೇ ಇಲ್ಲ. ಹುಟ್ಟಿನಿಂದಲೇ ಕೊಲೆಸ್ಟರಾಲ್ ವಿಪರೀತ ಏರಿರುವ ಅಪರೂಪದ ಆನುವಂಶಿಕ ಕಾಯಿಲೆಯನ್ನು ಬಿಟ್ಟರೆ, ಮಕ್ಕಳ ರಕ್ತನಾಳ ಕಿರಿದಾಗುವುದು ಕೊಬ್ಬಿನಿಂದಲ್ಲ. ಬಹುಪಾಲು ಮಕ್ಕಳಲ್ಲಿ ನಾಳ ರೂಪುಗೊಂಡಿದ್ದೇ ಹಾಗೆ. ಕೆಲವರಲ್ಲಿ ವಿಲಿಯಮ್ಸ್ ಸಿಂಡ್ರೋಮ್‌ನಂಥ ಜೀನ್ ದೋಷದಿಂದ ನಾಳದ ಗೋಡೆಗೆ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಕಡಿಮೆಯಾಗಿ, ಹೃದಯದಿಂದ ಹೊರಡುವ ದೊಡ್ಡ ನಾಳವೋ ಶ್ವಾಸಕೋಶಕ್ಕೆ ಹೋಗುವ ಕವಲುಗಳೋ ಸಣ್ಣಗಾಗಿರುತ್ತವೆ. ಇನ್ನು ಕೆಲವು ಮಕ್ಕಳಲ್ಲಿ, ಭಾರತದಲ್ಲಿ ಇದು ಅಷ್ಟೇನೂ ಅಪರೂಪವಲ್ಲ, ಟಕಯಾಸು ಎಂಬ ಉರಿಯೂತದ ಕಾಯಿಲೆ ಮೂತ್ರಪಿಂಡಕ್ಕೆ ಹೋಗುವ ನಾಳವನ್ನೋ ಹೊಟ್ಟೆಯ ಭಾಗದ ಮಹಾಪಧಮನಿಯನ್ನೋ ಕಿರಿದಾಗಿಸುತ್ತದೆ. ಹತ್ತು-ಹನ್ನೆರಡು ವರ್ಷದ ಮಗುವಿಗೆ ಬಿಪಿ ಏರಿದರೆ ಡಾಕ್ಟರು ಮೂತ್ರಪಿಂಡದ ನಾಳವನ್ನೂ ಸ್ಕ್ಯಾನ್ ಮಾಡಿಸುವುದು ಈ ಅನುಮಾನದಿಂದ.

ಇವುಗಳಲ್ಲಿ ಎಲ್ಲರಿಗೂ ಗೊತ್ತಿರಬೇಕಾದದ್ದು ಒಂದಿದೆ: ಕೋಆರ್ಕ್ಟೇಶನ್. ಹೃದಯದಿಂದ ಇಡೀ ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿ, ಅಂದರೆ ಅಯೋರ್ಟಾ, ಮೇಲಕ್ಕೆ ಏರಿ, ಕೊಡೆಯ ಹಿಡಿಯಂತೆ ಬಾಗಿ, ಕೆಳಗಿಳಿಯುತ್ತದೆ. ಹೀಗೆ ಬಾಗುವ ಜಾಗದಲ್ಲಿ ತಲೆಗೂ ಎರಡು ಕೈಗಳಿಗೂ ಕವಲುಗಳು ಹೊರಡುತ್ತವೆ. ಅದನ್ನು ದಾಟಿದ ಕೂಡಲೇ, ಸೊಂಟಕ್ಕೆ ದಾರ ಬಿಗಿದಂತೆ, ನಾಳ ಒಂದು ಕಡೆ ಹಿಸುಕಿಕೊಂಡಿದ್ದರೆ ಅದೇ ಕೋಆರ್ಕ್ಟೇಶನ್. ಹುಟ್ಟಿನಿಂದ ಬರುವ ಹೃದಯದ ತೊಂದರೆಗಳಲ್ಲಿ ಸುಮಾರು 5ರಿಂದ 8 ಶೇಕಡಾ ಇದೇ. ಹತ್ತು ಸಾವಿರ ಮಕ್ಕಳು ಹುಟ್ಟಿದರೆ ಹೆಚ್ಚುಕಡಿಮೆ ನಾಲ್ವರಿಗೆ ಇರುತ್ತದೆ.

ಪರಿಣಾಮ ಏನೆಂದು ಊಹಿಸುವುದು ಕಷ್ಟವಲ್ಲ. ತೋಟಕ್ಕೆ ನೀರು ಬಿಡುವ ಪೈಪನ್ನು ನಡುವೆ ಹಿಸುಕಿದರೆ ಮೋಟಾರಿನ ಕಡೆ ಒತ್ತಡ ಏರುತ್ತದೆ, ಗಿಡದ ಕಡೆ ನೀರು ತೊಟ್ಟಿಕ್ಕುತ್ತದೆ. ಇಲ್ಲೂ ಹಾಗೆಯೇ. ತಲೆ ಮತ್ತು ಕೈಗಳಲ್ಲಿ ಬಿಪಿ ಹೆಚ್ಚು, ಕಾಲುಗಳಲ್ಲಿ ಕಡಿಮೆ, ಹೃದಯಕ್ಕೆ ದಿನವಿಡೀ ಹೆಚ್ಚುವರಿ ದುಡಿಮೆ.

ಪತ್ತೆ ಹಚ್ಚಲು ಬೇಕಾದದ್ದು ಎರಡು ಬೆರಳು

ತಾಯಿಯ ಹೊಟ್ಟೆಯಲ್ಲಿದ್ದಾಗ ಶಿಶುವಿಗೆ ಶ್ವಾಸಕೋಶದ ಕೆಲಸವಿಲ್ಲ. ಹಾಗಾಗಿ ರಕ್ತ ಅದನ್ನು ಬಳಸಿ ಹೋಗಲು ಡಕ್ಟಸ್ ಎಂಬ ಪುಟ್ಟ ಅಡ್ಡದಾರಿ ಇರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ತೀವ್ರ ಕೋಆರ್ಕ್ಟೇಶನ್ ಇರುವ ಶಿಶುವಿಗೆ ಈ ಅಡ್ಡದಾರಿಯೇ ಜೀವನಾಡಿ. ಅದು ತೆರೆದಿರುವವರೆಗೆ ಮಗು ಚೆನ್ನಾಗಿಯೇ ಕಾಣುತ್ತದೆ, ಆಸ್ಪತ್ರೆಯಿಂದ ಮನೆಗೂ ಬರುತ್ತದೆ. ಮುಚ್ಚಿಕೊಂಡ ಮೇಲೆ ದೇಹದ ಕೆಳಭಾಗಕ್ಕೆ ರಕ್ತವೇ ಸಾಲದು. ಮೊದಲ ಒಂದೆರಡು ವಾರಗಳಲ್ಲಿ ಮಗು ಹಾಲು ಬಿಡುವುದು, ಹಾಲು ಕುಡಿಯುವಾಗ ಬೆವರುವುದು, ಏದುಸಿರು, ಮೈ ಬೂದುಬಣ್ಣಕ್ಕೆ ತಿರುಗುವುದು, ಕಾಲು ತಣ್ಣಗಿರುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಅದು ತುರ್ತು. ದೃಷ್ಟಿ ತೆಗೆಯುತ್ತಾ ಕೂರುವ ಸಮಯವಲ್ಲ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ಅಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ಔಷಧಿಯನ್ನು ಡ್ರಿಪ್‌ನಲ್ಲಿ ಕೊಟ್ಟು ಆ ಅಡ್ಡದಾರಿಯನ್ನು ಮತ್ತೆ ತೆರೆಸಿ ಮಗುವನ್ನು ಸ್ಥಿರಗೊಳಿಸುತ್ತಾರೆ. ಮುಂದಿನ ಚಿಕಿತ್ಸೆ ಆಮೇಲೆ.

ಕಿರಿದಾಗಿರುವುದು ಸ್ವಲ್ಪವೇ ಆಗಿದ್ದರೆ ಮಗು ಹೀಗೆ ಸುಸ್ತಾಗುವುದಿಲ್ಲ, ಶಾಲೆಗೂ ಹೋಗುತ್ತದೆ. ಆಗಾಗ ತಲೆನೋವು, ಓಡಿದರೆ ಕಾಲುನೋವು, ಮೂಗಿನಿಂದ ರಕ್ತ. ನಮ್ಮಲ್ಲಿ ಮೂಗಿನಿಂದ ರಕ್ತ ಬಂದರೆ ‘ಉಷ್ಣ’, ಕಾಲುನೋವಿದ್ದರೆ ‘ಬೆಳೆಯೋ ಮಕ್ಕಳಿಗೆ ಇದ್ದದ್ದೇ’. ಬಹಳಷ್ಟು ಸಲ ಇವು ನಿಜಕ್ಕೂ ಸಣ್ಣ ವಿಷಯಗಳೇ. ಮೂಗಿನಿಂದ ರಕ್ತ ಬಂದ ಮಗುವಿಗೆಲ್ಲ ಹೃದಯದ ತೊಂದರೆ ಇದೆ ಎಂದು ಇದನ್ನೇ ಇನ್ನೊಂದು ಫಾರ್ವರ್ಡ್ ಮಾಡಬೇಡಿ! ಏನೂ ಲಕ್ಷಣವಿಲ್ಲದ ಮಕ್ಕಳೂ ಸಾಕಷ್ಟು ಇದ್ದಾರೆ. ಬೇರೆ ಯಾವುದೋ ಜ್ವರಕ್ಕೆ ಹೋದಾಗ ಬಿಪಿ ನೋಡಿ ಗೊತ್ತಾಗುವುದುಂಟು.

ಇದನ್ನು ಅನುಮಾನಿಸಲು ದುಬಾರಿ ಯಂತ್ರ ಬೇಕಿಲ್ಲ ಎಂಬುದು ನಮಗೆ ಬಹಳ ಮುಖ್ಯ ಎನಿಸುತ್ತದೆ. ಡಾಕ್ಟರು ಮಗುವಿನ ತೊಡೆಸಂದಿನಲ್ಲಿ ಎರಡು ಬೆರಳಿಟ್ಟು ನಾಡಿ ನೋಡುತ್ತಾರೆ. ಕೈಯ ನಾಡಿ ಜೋರಾಗಿ ಬಡಿಯುತ್ತಿದ್ದು ತೊಡೆಸಂದಿನದ್ದು ಕ್ಷೀಣವಾಗಿದ್ದರೆ, ಅಥವಾ ತಡವಾಗಿ ಬಡಿದರೆ, ಅನುಮಾನ ಹುಟ್ಟುತ್ತದೆ. ಬಲಗೈಯಲ್ಲಿ ಒಮ್ಮೆ, ಕಾಲಿನಲ್ಲಿ ಒಮ್ಮೆ ಬಿಪಿ ನೋಡಿದರೆ ಇನ್ನಷ್ಟು ಸ್ಪಷ್ಟ. ಸಾಮಾನ್ಯವಾಗಿ ಕಾಲಿನ ಬಿಪಿ ಕೈಯದ್ದಕ್ಕೆ ಸಮನಾಗಿರುತ್ತದೆ ಅಥವಾ ತುಸು ಹೆಚ್ಚೇ ಇರುತ್ತದೆ. ಅದು ತಿರುಗುಮುರುಗಾಗಿ, ಕೈಯಲ್ಲಿ 20 ಎಂಎಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಕೋ ಮಾಡಿಸಲೇಬೇಕು. ಹುಟ್ಟಿದ ಮಗುವಿನ ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡುವ ಪರೀಕ್ಷೆ ಹಲವು ಹೃದಯದೋಷಗಳನ್ನು ಹಿಡಿದರೂ ಇದನ್ನು ಎಷ್ಟೋ ಸಲ ಹಿಡಿಯುವುದಿಲ್ಲ. “ಕ್ಲಿಪ್ ಹಾಕಿದಾಗ ನಾರ್ಮಲ್ ಬಂದಿತ್ತಲ್ಲ” ಎಂದು ಸುಮ್ಮನಿರಲಾಗದು. ಮೂರು ವರ್ಷ ದಾಟಿದ ಮಕ್ಕಳಿಗೆ ವರ್ಷಕ್ಕೊಮ್ಮೆ ಬಿಪಿ ನೋಡಬೇಕೆಂದು ಅಮೆರಿಕದ ಮಕ್ಕಳ ತಜ್ಞರ ಸಂಸ್ಥೆ 2017ರ ಮಾರ್ಗಸೂಚಿಯಲ್ಲಿ ಹೇಳಿದೆ. ನಿಮ್ಮ ಮಗುವಿಗೆ ಕೊನೆಯ ಸಲ ಬಿಪಿ ನೋಡಿದ್ದು ಯಾವಾಗ? ಎಷ್ಟೋ ಮನೆಗಳಲ್ಲಿ ಉತ್ತರ ‘ನೋಡೇ ಇಲ್ಲ’.

ಬಲೂನು ಒಳಗೆ ಏನು ಮಾಡುತ್ತದೆ?

ಕೋಆರ್ಕ್ಟೇಶನ್‌ಗೆ ಮೊದಲ ಶಸ್ತ್ರಚಿಕಿತ್ಸೆ ನಡೆದದ್ದು 1944ರಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ. ಮಾಡಿದವರು ಕ್ಲಾರೆನ್ಸ್ ಕ್ರಾಫೋರ್ಡ್. ಕಿರಿದಾದ ತುಂಡನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಸೇರಿಸಿ ಹೊಲಿಯುವ ವಿಧಾನ ಅದು. ಇಂದಿಗೂ ಶಿಶುಗಳಿಗೆ ಅದರ ಸುಧಾರಿತ ರೂಪವೇ ಮೊದಲ ಆಯ್ಕೆ. ಎದೆಯ ನಡುಮೂಳೆ ಸೀಳುವ ‘ಓಪನ್ ಹಾರ್ಟ್’ ಇದಲ್ಲ. ಸಾಮಾನ್ಯವಾಗಿ ಎಡ ಪಕ್ಕೆಲುಬುಗಳ ನಡುವಿನಿಂದ ಹೋಗುತ್ತಾರೆ.

ಕೊಯ್ಯದೆ ಒಳಗಿನಿಂದಲೇ ಅಗಲ ಮಾಡುವ ಯೋಚನೆ ಬಂದದ್ದು ದೊಡ್ಡವರ ಕಾಯಿಲೆಯಿಂದ. 1964ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ವೃದ್ಧೆಯೊಬ್ಬರ ಕಾಲಿನ ನಾಳವನ್ನು ನಳಿಕೆಗಳಿಂದ ಅಗಲಗೊಳಿಸಿದರು. 1977ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ನಾಳದೊಳಗೆ ಬಲೂನು ಉಬ್ಬಿಸಿದರು. 1982ರ ಹೊತ್ತಿಗೆ ಅದು ಮಕ್ಕಳ ಕೋಆರ್ಕ್ಟೇಶನ್‌ಗೂ ಬಂತು. ಅಂದರೆ “ಮಕ್ಕಳ ಮೇಲೆ ಹೊಸ ಪ್ರಯೋಗ ಮಾಡ್ತಾರೆ” ಎಂದು ಹೆದರುವವರು ಗಮನಿಸಬೇಕು, ಈ ವಿಧಾನಕ್ಕೆ ನಲವತ್ತು ವರ್ಷಕ್ಕೂ ಮೇಲ್ಪಟ್ಟ ಅನುಭವವಿದೆ.

ಕ್ಯಾತ್ ಲ್ಯಾಬ್ ಎಂಬ ಕೋಣೆಯಲ್ಲಿ ಮಗುವಿಗೆ ಅರಿವಳಿಕೆ ಕೊಟ್ಟು ಮಲಗಿಸುತ್ತಾರೆ. ತೊಡೆಸಂದಿನ ನಾಳಕ್ಕೆ ಸೂಜಿ ಚುಚ್ಚಿ ಕೆಲವೇ ಮಿಲಿಮೀಟರ್ ದಪ್ಪದ ನಳಿಕೆ ತೂರಿಸುತ್ತಾರೆ. ಅದರೊಳಗಿಂದ ತೆಳುವಾದ ತಂತಿಯನ್ನು, ಎಕ್ಸ್‌ರೇ ಪರದೆ ನೋಡುತ್ತಾ, ಕಿರಿದಾದ ಜಾಗ ದಾಟಿಸುತ್ತಾರೆ. ಬಣ್ಣದ ಔಷಧಿ ಬಿಟ್ಟು ಚಿತ್ರ ತೆಗೆಯುತ್ತಾರೆ, ಕಿರಿದಾದ ಜಾಗದ ಮೇಲೂ ಕೆಳಗೂ ಒತ್ತಡ ಅಳೆಯುತ್ತಾರೆ. ಆಮೇಲೆ ಮಡಚಿದ ಬಲೂನನ್ನು ತಂತಿಯ ಮೇಲೆ ಜಾರಿಸಿ, ಸರಿಯಾದ ಜಾಗದಲ್ಲಿ ನಿಲ್ಲಿಸಿ, ಉಬ್ಬಿಸುತ್ತಾರೆ. ಮೊದಲು ಬಲೂನಿನ ನಡುವೆ ಡಮರುಗದಂತೆ ಸೊಂಟ ಕಾಣುತ್ತದೆ. ಒತ್ತಡ ಏರಿದಂತೆ ಆ ಸೊಂಟ ಮಾಯವಾಗುತ್ತದೆ. ಉಬ್ಬಿಸಿ ಇಡುವುದು ಕೆಲವೇ ಸೆಕೆಂಡು. ಬಲೂನು ಹೊರಬರುತ್ತದೆ, ಮತ್ತೆ ಒತ್ತಡ ಅಳೆಯುತ್ತಾರೆ. ಮೇಲಿನ ಮತ್ತು ಕೆಳಗಿನ ಒತ್ತಡದ ಅಂತರ ಇಳಿದಿದ್ದರೆ ಕೆಲಸ ಆಯಿತು. ಮಗು ಕೆಲವು ಗಂಟೆ ಕಾಲು ಮಡಚದೆ ಮಲಗಿರಬೇಕು. ಅದೇ ತಾಯಂದಿರಿಗೆ ಆ ದಿನದ ಅತಿ ಕಷ್ಟದ ಕೆಲಸ! ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ.

ಬಲೂನು ನಾಳವನ್ನು ರಬ್ಬರಿನಂತೆ ಹಿಗ್ಗಿಸುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ಹಾಗಲ್ಲ. ಅದು ನಾಳದ ಒಳಪದರಗಳಲ್ಲಿ ಅಳತೆ ನೋಡಿಕೊಂಡು ಸಣ್ಣ ಬಿರುಕು ಮೂಡಿಸುತ್ತದೆ. ಹೊರಪದರ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಬಿರುಕು ವಾಸಿಯಾಗುವಾಗ ನಾಳ ಮೊದಲಿಗಿಂತ ಅಗಲವಾಗಿ ಕೂಡಿಕೊಳ್ಳುತ್ತದೆ. ಬಲೂನಿನ ಅಳತೆಯಲ್ಲಿ ಡಾಕ್ಟರು ಅಷ್ಟು ಜಾಗರೂಕರಾಗಿರುವುದು ಇದಕ್ಕೇ. ಪಕ್ಕದ ಸರಿಯಾದ ನಾಳಕ್ಕಿಂತ ದೊಡ್ಡ ಬಲೂನು ಹಾಕಿದರೆ ಗೋಡೆಯೇ ಹರಿಯಬಹುದು. ಚಿಕ್ಕದಾದರೆ ಪ್ರಯೋಜನವಿಲ್ಲ.

“ಆಪರೇಷನ್ ಇಲ್ಲ, ಹಾಗಾದರೆ ಅಪಾಯವೂ ಇಲ್ಲ” ಎನ್ನುವುದೂ ತಪ್ಪು. ಬಿರುಕು ಮೂಡಿದ ಜಾಗದಲ್ಲಿ ಮುಂದೆ ನಾಳದ ಗೋಡೆ ಉಬ್ಬಬಹುದು. ಪುಟ್ಟ ಮಕ್ಕಳಲ್ಲಿ ಸೂಜಿ ಚುಚ್ಚಿದ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಕಿರಿದಾಗಿದ್ದ ಜಾಗ ಮತ್ತೆ ಕಿರಿದಾಗಬಹುದು. ಗೋಡೆ ಹರಿಯುವುದು ಅಪರೂಪ, ಆದರೆ ಆದರೆ ಗಂಭೀರ. ಹಾಗಾಗಿಯೇ ಮಕ್ಕಳ ಹೃದಯತಜ್ಞರೂ ಶಸ್ತ್ರಚಿಕಿತ್ಸಕರೂ ಒಂದೇ ಸೂರಿನಡಿ ಇರುವ ಕಡೆ ಇದನ್ನು ಮಾಡಿಸುವುದು ಒಳ್ಳೆಯದು. ಸಹಿ ಹಾಕುವ ಮೊದಲು “ಬಲೂನೇ ಯಾಕೆ, ಆಪರೇಷನ್ ಯಾಕಲ್ಲ?” ಎಂದೋ “ಆಪರೇಷನ್ನೇ ಯಾಕೆ, ಬಲೂನು ಯಾಕಲ್ಲ?” ಎಂದೋ ಕೇಳಲು ಸಂಕೋಚ ಬೇಡ.

ಉತ್ತರ ಬಹುಮಟ್ಟಿಗೆ ಮಗುವಿನ ವಯಸ್ಸು ಮತ್ತು ತೂಕದ ಮೇಲಿರುತ್ತದೆ. ಮೊದಲ ಕೆಲವು ತಿಂಗಳಲ್ಲಿ ಬಲೂನು ಹಾಕಿದರೆ ಮತ್ತೆ ಕಿರಿದಾಗುವ ಸಾಧ್ಯತೆ ಹೆಚ್ಚು, ಹಾಗಾಗಿ ಆಗ ಶಸ್ತ್ರಚಿಕಿತ್ಸೆ. ಮಗು ತೀರಾ ನಿತ್ರಾಣವಾಗಿ ಶಸ್ತ್ರಚಿಕಿತ್ಸೆ ತಡೆಯದು ಎನಿಸಿದರೆ ತಾತ್ಕಾಲಿಕವಾಗಿ ಬಲೂನು ಹಾಕಿ ಸಮಯ ಗಳಿಸುವುದುಂಟು. ಶಿಶುವಿದ್ದಾಗ ಆಪರೇಷನ್ ಆದ ಜಾಗ ಮುಂದೆ ಮತ್ತೆ ಕಿರಿದಾದರೆ ಬಲೂನು ಒಳ್ಳೆಯ ಆಯ್ಕೆ. ತೂಕ 20-25 ಕಿಲೋ ದಾಟಿದ ಮಕ್ಕಳಿಗೆ ಬಲೂನಿನ ಜೊತೆ ಸ್ಟೆಂಟ್ ಕೂಡ ಹಾಕಬಹುದು.

ಸ್ಟೆಂಟ್ ಬೆಳೆಯುವುದಿಲ್ಲ, ಮಗು ಬೆಳೆಯುತ್ತದೆ

ಸ್ಟೆಂಟ್ ಎಂದರೆ ಲೋಹದ ಜಾಲರಿ. ಬಲೂನಿನ ಮೇಲೆ ಸುತ್ತಿಕೊಂಡು ಒಳಗೆ ಹೋಗುತ್ತದೆ, ಬಲೂನು ಉಬ್ಬಿದಾಗ ತೆರೆದುಕೊಂಡು ನಾಳವನ್ನು ಒಳಗಿನಿಂದ ಎತ್ತಿ ಹಿಡಿಯುತ್ತದೆ. ಬಲೂನು ಹೊರಗೆ ಬಂದರೂ ಜಾಲರಿ ಅಲ್ಲೇ ಉಳಿಯುತ್ತದೆ. ದೊಡ್ಡವರ ಹೃದಯಕ್ಕೆ ಹಾಕುವ ಸ್ಟೆಂಟ್ ಮೂರು-ನಾಲ್ಕು ಮಿಲಿಮೀಟರ್ ಅಗಲದ್ದು. ಮಹಾಪಧಮನಿಯದ್ದು ಅದಕ್ಕಿಂತ ಬಹಳ ದೊಡ್ಡದು, ಏಕೆಂದರೆ ಬೆಳೆದ ಮನುಷ್ಯನಲ್ಲಿ ಆ ನಾಳ ಸುಮಾರು 2 ಸೆಂಟಿಮೀಟರ್ ಅಗಲವಾಗುತ್ತದೆ. ಅಷ್ಟು ದೊಡ್ಡದಾಗಿ ತೆರೆಯಬಲ್ಲ ಸ್ಟೆಂಟ್ ಒಯ್ಯಲು ದಪ್ಪ ನಳಿಕೆ ಬೇಕು. ಅದು ಪುಟ್ಟ ಮಗುವಿನ ತೊಡೆಯ ನಾಳಕ್ಕೆ ಹಿಡಿಸುವುದಿಲ್ಲ. ತೂಕದ ಲೆಕ್ಕ ಬರುವುದು ಇಲ್ಲಿಂದ.

ಎಂಟು ವರ್ಷದ ಮಗುವಿಗೆ ಇಂದು ಸರಿಹೊಂದುವ ಅಳತೆಗೆ ತೆರೆದ ಸ್ಟೆಂಟ್, ಆ ಮಗು ಪಿಯುಸಿಗೆ ಬರುವಷ್ಟರಲ್ಲಿ ಬಿಗಿಯಾಗುತ್ತದೆ. ಆಗ ಅದರೊಳಗೆ ಇನ್ನೂ ದೊಡ್ಡ ಬಲೂನು ಹಾಕಿ ಸ್ಟೆಂಟನ್ನೇ ಮತ್ತಷ್ಟು ಅಗಲಿಸುತ್ತಾರೆ. ಇದನ್ನು ಕೇಳಿದಾಗ ಕೆಲವರಿಗೆ “ಮೊದಲ ಸಲ ಸರಿಯಾಗಿ ಮಾಡಲಿಲ್ಲ, ಈಗ ಮತ್ತೆ ದುಡ್ಡು ಕೀಳ್ತಾರೆ” ಎಂಬ ಅನುಮಾನ ಬರುತ್ತದೆ. ಬರುವುದು ಸಹಜ, ಆದರೆ ಇದು ಮೊದಲ ದಿನದಿಂದಲೇ ಯೋಜನೆಯ ಭಾಗ. ಹಾಗೆಂದು ಡಾಕ್ಟರುಗಳೂ ಮೊದಲೇ ಬಿಡಿಸಿ ಹೇಳಬೇಕು. ಹೇಳದಿದ್ದಾಗಲೇ ವಾಟ್ಸಾಪ್ ಡಾಕ್ಟರು ನಡುವೆ ಬರುವುದು. ಎಳೆ ಶಿಶುಗಳಿಗೆ ಹಾಕಿ, ಬೆಳೆದಂತೆ ಅಗಲಿಸಬಹುದಾದ ಮಿನಿಮಾ ಎಂಬ ಸ್ಟೆಂಟ್‌ಗೆ ಅಮೆರಿಕದ ಎಫ್‌ಡಿಎ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ತೂಕದ ಈ ತೊಡಕು ಮುಂದೆ ಸಡಿಲವಾಗಬಹುದು.

ಚಿಕಿತ್ಸೆ ಯಶಸ್ವಿಯಾದ ಮೇಲೂ ಕೆಲವರಲ್ಲಿ ಬಿಪಿ ಏರಿಯೇ ಇರುತ್ತದೆ, ಅಥವಾ ವರ್ಷಗಳ ನಂತರ ಏರುತ್ತದೆ. ಮಾತ್ರೆ ಬೇಕಾಗಬಹುದು. ಕೋಆರ್ಕ್ಟೇಶನ್ ಇರುವವರಲ್ಲಿ ಬಹಳ ಜನರಿಗೆ ಮಹಾಪಧಮನಿಯ ಬಾಗಿಲಲ್ಲಿ ಮೂರರ ಬದಲು ಎರಡೇ ಎಸಳಿನ ಕವಾಟ ಇರುತ್ತದೆ. ಅದರ ಮೇಲೂ ಕಣ್ಣಿಡಬೇಕು. ಹಾಗಾಗಿ ‘ಸರಿಹೋಯಿತು’ ಎಂದು ಫೈಲು ಅಟ್ಟಕ್ಕೆ ಹಾಕುವಂತಿಲ್ಲ. ಮಗು ದೊಡ್ಡವರಾಗಿ ಕೆಲಸಕ್ಕೆ ಸೇರಿದ ಮೇಲೂ ತಪಾಸಣೆ ಇರಬೇಕು. ಓಟ, ಆಟ? ಬಿಪಿ ಹಿಡಿತದಲ್ಲಿದ್ದರೆ ಹೆಚ್ಚಿನ ಮಕ್ಕಳು ಆಡಬಹುದು. ಭಾರ ಎತ್ತುವಂಥವುಗಳ ಬಗ್ಗೆ ಮಾತ್ರ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ಇಷ್ಟೆಲ್ಲ ತಾಪತ್ರಯ ಏಕೆ, ಮಗು ಆಡಿಕೊಂಡೇ ಇದೆಯಲ್ಲ ಎನ್ನುವವರಿಗೆ ಒಂದು ಅಂಕಿ. ಚಿಕಿತ್ಸೆ ಇಲ್ಲದ ಕಾಲದ ದಾಖಲೆಗಳಲ್ಲಿ, ಶೈಶವ ದಾಟಿ ಬದುಕಿದ ಇಂಥವರ ಸರಾಸರಿ ಆಯಸ್ಸು 35ರ ಆಸುಪಾಸು. ಹೃದಯ ಸೋಲುವುದು, ಮಹಾಪಧಮನಿ ಒಡೆಯುವುದು, ಮೆದುಳಿನಲ್ಲಿ ರಕ್ತಸ್ರಾವ ಇವೇ ಕಾರಣಗಳು.

ಹಣದ ಪ್ರಶ್ನೆ, ಮತ್ತೊಂದು ಫಾರ್ವರ್ಡ್

ಮಲಗಿದ ಮಗುವಿನ ಫೋಟೊ ಹಾಕಿ, “ಈ ಮೆಸೇಜ್ ಶೇರ್ ಮಾಡಿದರೆ ಪ್ರತಿ ಶೇರ್‌ಗೆ ಇಷ್ಟು ಪೈಸೆ ಆಪರೇಷನ್‌ಗೆ ಹೋಗುತ್ತದೆ” ಎನ್ನುವ ಸಂದೇಶವೂ ಹಳೆಯದೇ. ವಾಟ್ಸಾಪ್ ಆಗಲಿ ಫೇಸ್‌ಬುಕ್ ಆಗಲಿ ಶೇರ್‌ಗೆ ಹಣ ಕೊಡುವುದಿಲ್ಲ. ಯಾರದ್ದೋ ಮಗುವಿನ ಫೋಟೊ ಮನೆಮನೆ ತಿರುಗುತ್ತದೆ, ಅಷ್ಟೆ.

ನಿಜವಾದ ದಾರಿಗಳು ಬೇರೆ ಇವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದೆ. ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುವ ವೈದ್ಯರ ತಂಡ ಅದೇ. ಹುಟ್ಟಿನಿಂದ ಬರುವ ಹೃದಯದೋಷ ಅದರ ಪಟ್ಟಿಯಲ್ಲಿದೆ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನೋಂದಾಯಿತವಾದ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಚಿಕಿತ್ಸೆ ಯಾವ ಪ್ಯಾಕೇಜಿನಡಿ ಬರುತ್ತದೆ, ಯಾವ ಕಾಗದ ಬೇಕು ಎಂದು ಮೊದಲು ಅವರನ್ನು ಕೇಳಿ. ಊರಿನವರಾದರೆ ಆಶಾ ಕಾರ್ಯಕರ್ತೆಯಿಂದಲೇ ಶುರು ಮಾಡಬಹುದು.

ಬಲೂನು ಅಥವಾ ಸ್ಟೆಂಟ್ ಆದ ಮೇಲೆ ಡಿಸ್ಚಾರ್ಜ್ ಸಮ್ಮರಿಯ ಎಲ್ಲ ಪುಟಗಳನ್ನೂ ಫೋಟೊ ತೆಗೆದು ಇಬ್ಬರ ಮೊಬೈಲಿನಲ್ಲಾದರೂ ಇಟ್ಟುಕೊಳ್ಳಿ. ಬಳಸಿದ ಬಲೂನಿನ ಅಳತೆ, ಸ್ಟೆಂಟ್‌ನ ಹೆಸರು ಮತ್ತು ಅಗಲ, ಮೊದಲು ಮತ್ತು ಆಮೇಲೆ ಅಳೆದ ಒತ್ತಡ ಇವೆಲ್ಲ ಅದರಲ್ಲಿರುತ್ತವೆ. ಹತ್ತು ವರ್ಷದ ನಂತರ ಬೇರೆ ಊರಿನ, ಬೇರೆ ಡಾಕ್ಟರು ಮೊದಲು ಕೇಳುವುದು ಅದನ್ನೇ.